‘ಬ್ರೋಕ್‌ಬ್ಯಾಕ್ ಮೌಂಟನ್’ ಕಥೆಯಲ್ಲಿ ಬೆಟ್ಟದ ಸ್ಥಾನ

ಊರಿನಲ್ಲಿ ಎಡೆ ದೊರೆಯದ ಪ್ರಣಯಕ್ಕೆ ಕಾಡಿನಲ್ಲಿ ಎಡೆಯುಂಟೆಂಬುದು ಕವಿಗಳ ಹಳೆಯ ನಂಬುಗೆ. ಕಾಳಿದಾಸನ ದುಷ್ಯಂತನು ಕಣ್ವಾಶ್ರಮದಲ್ಲಿ ಒಲಿದವಳನ್ನು ತನ್ನ ರಾಜಧಾನಿಯಲ್ಲಿ ಗುರುತಿಸಲಾರದೆ ಹೋದನು. ವನದಲ್ಲಿ ಸಹಜವಾದುದು ಆಸ್ಥಾನದಲ್ಲಿ ಅಸಂಭವವೆನಿಸಿತು. ಅಮೆರಿಕದ ಕಥೆಗಾರ್ತಿ ಆನಿ ಪ್ರೂ ಅವರು 1997ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿ, 1999ರಲ್ಲಿ ‘ಕ್ಲೋಸ್ ರೇಂಜ್’ ಎಂಬ ಸಂಕಲನದಲ್ಲಿ ಸೇರಿಸಿದ ‘ಬ್ರೋಕ್‌ಬ್ಯಾಕ್ ಮೌಂಟನ್’ ಎಂಬ ಸಣ್ಣ ಕಥೆ ಇದೇ ನಂಬುಗೆಯನ್ನು ಒರೆಗೆ ಹಚ್ಚುತ್ತದೆ. ಆಂಗ್ ಲೀ ಅವರು 2005ರಲ್ಲಿ ತೆಗೆದ ಚಲಚ್ಚಿತ್ರದಿಂದ ಈ ಕಥೆಯ ಹೆಸರು ಲೋಕವಿಖ್ಯಾತವಾಯಿತು. ಚಿತ್ರವನ್ನು ನೋಡಿ ಕಥೆಯನ್ನು ಓದಿದಂತೆಯೇ ಎಂದುಕೊಳ್ಳುವವರು ಹಲವರು. ಎರಡಕ್ಕೂ ಇರುವ ಅಂತರ ಅಲ್ಪವಲ್ಲ.

ಕಥೆಯ ಹೊರಮೈ ಸರಳವಾದುದು. 1963ರ ಬೇಸಗೆಯಲ್ಲಿ, ವಯೋಮಿಂಗ್ ಪ್ರಾಂತದ ಒಂದು ಕಲ್ಪಿತ ಬೆಟ್ಟದ ಮೇಲೆ ಕುರಿಗಳನ್ನು ಮೇಯಿಸಲು ಇಬ್ಬರು ತರುಣರು ಕೂಲಿಗೆ ನಿಲ್ಲುತ್ತಾರೆ. ಎನ್ನಿಸ್ ಡೆಲ್ ಮಾರ್, ಜ್ಯಾಕ್ ಟ್ವಿಸ್ಟ್. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ, ಇಬ್ಬರೂ ಓದನ್ನು ನಡುವೆ ಬಿಟ್ಟವರು. ಬೆಟ್ಟದ ಮೇಲೆ ಅವರಲ್ಲಿ ಪ್ರಣಯವುಂಟಾಗುತ್ತದೆ. ಆಗಸ್ಟಿನಲ್ಲಿಯೇ ಹಿಮ ಬೀಳಲು, ಇಳಿದು ಬಂದು ಬೇರೆಯಾಗುತ್ತಾರೆ. ಮದುವೆಯಾಗಿ ಮಕ್ಕಳ ತಂದೆಗಳಾಗುತ್ತಾರೆ. ನಾಲ್ಕು ವರ್ಷಗಳ ಮೇಲೆ ಜ್ಯಾಕನಿಂದ ಒಂದು ಪತ್ರ ಬರುತ್ತದೆ. ಅಲ್ಲಿಂದ 1983ರವರೆಗೆ ಮೀನು ಹಿಡಿಯುವ ನೆಪದಲ್ಲಿ ಆಗೊಮ್ಮೆ ಈಗೊಮ್ಮೆ ಬೇರೆ ಬೇರೆ ಬೆಟ್ಟಗಳಲ್ಲಿ ಸಂಧಿಸುವರು. ಬ್ರೋಕ್‌ಬ್ಯಾಕಿಗೆ ಮಾತ್ರ ಒಮ್ಮೆಯೂ ಹಿಂದಿರುಗುವುದಿಲ್ಲ.

ಇಬ್ಬರ ಸ್ವಭಾವಗಳೂ ಒಂದಕ್ಕೊಂದು ಎದುರು. ಜ್ಯಾಕನು ಮಾತುಗಾರ; ಗೂಳಿಯ ಬೆನ್ನೇರುವ ರೋಡಿಯೋ ಪಂದ್ಯಗಳ ಹುಚ್ಚಿನವನು; ನಾಳೆಯ ಬದುಕನ್ನು ಇಂದೇ ಕಟ್ಟಿ ನೋಡುವವನು. ಎನ್ನಿಸನು ಮಿತಭಾಷಿ. ಅವನ ತಂದೆತಾಯಿಗಳು ಅಪಘಾತದಲ್ಲಿ ತೀರಿಕೊಂಡಾಗ ಮಕ್ಕಳ ಪಾಲಿಗೆ ಉಳಿದುದು 24 ಡಾಲರು ನಗದು ಮತ್ತು ಎರಡು ಸಲ ಅಡವಾಗಿದ್ದ ಭೂಮಿ. ಇದ್ದುದೂ ಹೋಗಬಹುದೆಂಬುದು ಅವನು ಬಾಲ್ಯದಲ್ಲಿಯೇ ಕಲಿತ ಪಾಠ. ಸಂಗಾತಿಯನ್ನು ಎದುರುನೋಡದಿದ್ದ ಎಡೆಯಲ್ಲಿ ಸಂಗಾತಿ ಸಿಕ್ಕಿದನೆಂಬ ಸಂತೋಷದಿಂದ ಅವರು ಬೆಂಕಿಯ ಬಳಿ ಕುಳಿತು ಹರಟುವ ಪುಟಗಳು ಕಥೆಯಲ್ಲಿ ಅತ್ಯಂತ ಹಿತವಾದುವು. ವಿರುದ್ಧ ಸ್ವಭಾವಗಳು ಒಂದನ್ನೊಂದು ಸೆಳೆಯುವುವೆಂಬುದು ಪ್ರಣಯಕಥೆಗಳ ಹಳೆಯ ಸೂತ್ರ. ಸೆಳೆದು, ಒಂದರ ಕೊರೆಯನ್ನು ಇನ್ನೊಂದು ತುಂಬಿ, ಕಥೆ ಮುಗಿಯುವುದು ವಾಡಿಕೆ. ಪ್ರೂ ಅವರ ಕಥೆಯಲ್ಲಿ ಹಾಗಾಗುವುದಿಲ್ಲ. ಯಾವ ಭೇದವು ಕೂಡಿಸಿತೋ ಅದೇ ಭೇದವು ಇಪ್ಪತ್ತು ವರ್ಷ ಅವರನ್ನು ಬೇರೆಬೇರೆಯಾಗಿ ಇರಿಸುತ್ತದೆ. ಬೆಟ್ಟದ ಬಾಳನ್ನು ಕೆಳಕ್ಕೆ ತರಬೇಕೆಂಬುದು ಜ್ಯಾಕನ ಹಂಬಲ: ಒಂದಿಷ್ಟು ದನಕರು, ಒಂದು ಸಣ್ಣ ಹೊಲಮನೆ, ಇಬ್ಬರೂ ಕೂಡಿ ಸಂಸಾರ. ಬೆಟ್ಟದ್ದು ಬೆಟ್ಟದಲ್ಲಿಯೇ ಇರಲೆಂಬುದು ಎನ್ನಿಸನ ನಿಲುವು.

ಇಬ್ಬರಲ್ಲಿ ವಿವೇಕಿ ಯಾರು? ಎನ್ನಿಸನು ಹೇಡಿಯೆಂದು ತೀರ್ಪು ಕೊಡುವುದು ಸುಲಭ. ಆದರೆ ಅವನಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ಅವನನ್ನು ಕರೆದೊಯ್ದು ಕಾಲುವೆಯಲ್ಲಿ ಬಿದ್ದಿದ್ದ ಒಂದು ಹೆಣವನ್ನು ತೋರಿಸಿದ್ದನು. ಇನ್ನೊಬ್ಬ ಗಂಡಸಿನೊಡನೆ ಮನೆ ಮಾಡಿಕೊಂಡಿದ್ದ ಮುದುಕನನ್ನು ಜನರು ಹಿಂಸಿಸಿ ಕೊಂದ ಹೆಣ. ತಂದೆಯೇ ಆ ಕೊಲೆಯಲ್ಲಿ ಕೈಯಿಟ್ಟಿರಬಹುದೆಂಬ ಸಂಶಯ ಮಗನಿಗೆ ಉಂಟು. ಇಂತಹ ಪಾಠ ಓದಿದವನ ಭಯವನ್ನು ಶಾಸನ ಅಳಿಸಲಾರದು. ವಯೋಮಿಂಗಿನಲ್ಲಿ ಇಂತಹ ಸಂಬಂಧವನ್ನು ಅಪರಾಧವೆಂದೆಣಿಸುತ್ತಿದ್ದ ಕಾನೂನು ರದ್ದಾದುದು 1977ರಲ್ಲಿ, ಅಂದರೆ ಕಥೆಯ ಕಾಲದ ನಟ್ಟನಡುವೆ. ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ಅದು ಲೇಖಕಿಯ ಮರೆವಲ್ಲ. ಎನ್ನಿಸನು ಹೆದರುವುದು ನ್ಯಾಯಸ್ಥಾನಕ್ಕಲ್ಲ, ನೆರೆಹೊರೆಗೆ.

ಇನ್ನು ಬೆಟ್ಟದ ವಿಚಾರ. ಭಾರತೀಯ ಅಲಂಕಾರಶಾಸ್ತ್ರದಲ್ಲಿ ವನ, ಚಂದ್ರಿಕೆ, ತಂಗಾಳಿಗಳು ಶೃಂಗಾರಕ್ಕೆ ಉದ್ದೀಪನ ವಿಭಾವಗಳು. ಪ್ರೂ ಅವರ ಬೆಟ್ಟವನ್ನು ಆ ಪಟ್ಟಿಗೆ ಸೇರಿಸಿದರೆ ಕಥೆಯ ಬೆನ್ನೆಲುಬೇ ಮುರಿದೀತು. ಅಲ್ಲಿ ಗಾಳಿ ಕೊರೆಯುವುದು. ಆಲಿಕಲ್ಲು ಬಿದ್ದು ಕುರಿಗಳು ಇನ್ನೊಂದು ಮಂದೆಯೊಡನೆ ಬೆರೆತುಹೋಗುವುವು. ಇಳಿದ ಮೇಲೆ ಲೆಕ್ಕ ಹೊಂದದೆ ಮೇಲ್ವಿಚಾರಕನು ಮುಖ ಸಿಂಡರಿಸುವನು. ಒಬ್ಬನು ಶಿಬಿರದಲ್ಲಿದ್ದು ಅಡಿಗೆ ಮಾಡಬೇಕು. ಇನ್ನೊಬ್ಬನು ಅರಣ್ಯ ಇಲಾಖೆಯ ನಿಯಮಕ್ಕೆ ವಿರುದ್ಧವಾಗಿ, ಬೆಂಕಿಯಿಲ್ಲದೆ, ಮಂದೆಯ ನಡುವೆ ಕದ್ದು ಮಲಗಬೇಕು. ಅದು ಸಂಬಳದ ಜಾಗ. ತಾವು ಯಾರ ಕಣ್ಣಿಗೂ ಬೀಳದವರೆಂದು ಪ್ರಣಯಿಗಳು ನಂಬಿದ್ದ ಹೊತ್ತಿನಲ್ಲಿ ಮೇಲ್ವಿಚಾರಕ ಅಗೀರ್ ದುರ್ಬೀನು ಹಿಡಿದು ಹತ್ತು ನಿಮಿಷ ಅವರನ್ನು ನೋಡಿದ್ದನು. ಮರುವರ್ಷ ಜ್ಯಾಕನಿಗೆ ಅಲ್ಲಿ ಕೆಲಸ ದೊರೆಯುವುದಿಲ್ಲ. ಕಾಡು ಸಮಾಜದ ಹೊರಗಿತ್ತೆಂಬುದೇ ಭ್ರಮೆ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ, ಆಡಂಬರವಿಲ್ಲದೆ ಮುಂದಕ್ಕೆ ಸಾಗಿರುವುದರಲ್ಲಿ ಕಥೆಗಾರ್ತಿಯ ಬಲವಿದೆ.

ಇಂಗ್ಲೆಂಡಿನ ಇ. ಎಂ. ಫಾರ್ಸ್ಟರರು, ದೇವಾಸ್ ಸಂಸ್ಥಾನದಲ್ಲಿ ಮಹಾರಾಜರ ಕಾರ್ಯದರ್ಶಿಗಳಾಗಿದ್ದವರು, 1913–14ರಲ್ಲಿ ‘ಮಾರಿಸ್’ ಎಂಬ ಕಾದಂಬರಿಯನ್ನು ಬರೆದು ಬಚ್ಚಿಟ್ಟರು. ಅದು ಅಚ್ಚಾದುದು ಅವರ ಮರಣಾನಂತರ, 1971ರಲ್ಲಿ. ಅಲ್ಲಿ ಷೇರು ವ್ಯಾಪಾರದ ಸಿರಿವಂತನೂ ಬೇಟೆಗಾಡಿನ ಕಾವಲುಗಾರನೂ ಒಲಿದು ಹಸುರು ಕಾಡಿನ ಬಾಳನ್ನು ಆರಿಸಿಕೊಳ್ಳುತ್ತಾರೆ. ಸುಖಾಂತವೇ ಆಗಬೇಕೆಂದು ಫಾರ್ಸ್ಟರರ ಹಟ. ಆದರೂ 1960ರಲ್ಲಿ ಅದಕ್ಕೆ ಬರೆದ ಹಿನ್ನುಡಿಯಲ್ಲಿ, ಹಾಗೆ ಅಡಗಿಕೊಳ್ಳಲು ಇಂಗ್ಲೆಂಡಿನಲ್ಲಿ ಕಾಡೇ ಉಳಿದಿಲ್ಲವೆಂದು ಅವರೇ ಒಪ್ಪಿದರು. ಆ ಜೋಡಿಯ ಭೇದವು ಅಂತಸ್ತಿನದು. ಅಂತಸ್ತನ್ನು ಬಿಟ್ಟು ನಡೆಯುವುದು ಮನಸ್ಸಿದ್ದವನಿಗೆ ಸಾಧ್ಯ. ಎನ್ನಿಸ್–ಜ್ಯಾಕರಲ್ಲಿ ಬಿಡತಕ್ಕ ಸಿರಿಯೇನೂ ಇಲ್ಲ. ಭಯವನ್ನು ಬಿಟ್ಟು ನಡೆಯುವುದು ಬೇರೆಯೇ ಮಾತು.

ಚಲಚ್ಚಿತ್ರ ಬಂದ ಮೇಲೆ ಹಲವು ಓದುಗರು ಕಥೆಯನ್ನು ಸುಖಾಂತವಾಗಿ ತಿದ್ದಿ ಲೇಖಕಿಗೇ ಕಳುಹಿಸತೊಡಗಿದರು. ಅದರಿಂದ ಬೇಸತ್ತ ಪ್ರೂ ಅವರು, ಈ ಕಥೆಯನ್ನು ಬರೆಯದಿದ್ದರೇ ಚೆನ್ನಾಗಿತ್ತೆಂದು 2009ರ ಒಂದು ಸಂದರ್ಶನದಲ್ಲಿ ಹೇಳಿದರು. ಓದುಗರ ಮರುಕ ಅರ್ಥವಾಗತಕ್ಕದ್ದೇ. ಆದರೆ ಆ ಹೊಲಮನೆಯನ್ನು ಕಟ್ಟಿಕೊಟ್ಟ ಕ್ಷಣವೇ ಎನ್ನಿಸನು ಎನ್ನಿಸನಾಗಿ ಉಳಿಯುವುದಿಲ್ಲ. ಜ್ಯಾಕನು ಒಲಿದುದು ಯಾರನ್ನು ಎಂಬ ಪ್ರಶ್ನೆ ಏಳುವುದು. ಚಲಚ್ಚಿತ್ರದ ಹೊಣೆಯೂ ಇಲ್ಲಿ ಸ್ವಲ್ಪ ಇದೆ. ಕೆನಡಾದ ಆಲ್ಬರ್ಟಾದಲ್ಲಿ ತೆಗೆದ ಆ ಗಿರಿಶಿಖರಗಳು ಅತಿಯಾಗಿ ಸುಂದರ. ಅವುಗಳನ್ನು ಕಂಡವನಿಗೆ ಅಲ್ಲಿಯೇ ಇದ್ದುಬಿಡಬಾರದೇಕೆ ಎನಿಸಿದರೆ ಅಚ್ಚರಿಯಿಲ್ಲ.

ಕಥೆಯಲ್ಲಿ ದೋಷಗಳಿಲ್ಲವೆಂದಲ್ಲ. ಜ್ಯಾಕನ ಹೆಂಡತಿ ಲೂರೀನಳು ಬಹುಮಟ್ಟಿಗೆ ದೂರವಾಣಿಯ ಒಂದು ದನಿ. ಅವನ ತಂದೆಯ ಕಾಠಿನ್ಯಕ್ಕೆ ನಾಟಕದ ಬಣ್ಣ ಸ್ವಲ್ಪ ಹೆಚ್ಚೇ ಹತ್ತಿದೆ. ಆದರೆ ಎನ್ನಿಸನ ಹೆಂಡತಿ ಆಲ್ಮಳ ಚಿತ್ರ ಅಚ್ಚುಕಟ್ಟಾದುದು. ಗಂಡನ ಮೀನುಬುಟ್ಟಿಯನ್ನು ಅವಳು ತೆರೆದಾಗ ಐದು ವರ್ಷಗಳ ಮೇಲೂ ಬೆಲೆಯ ಚೀಟಿ ಹಾಗೆಯೇ ಅಂಟಿಕೊಂಡಿತ್ತು. ಗಾಳದ ದಾರದ ತುದಿಗೆ ಒಂದು ಓಲೆ ಕಟ್ಟಿ ಕಳುಹಿಸಿದಳು. ಓಲೆ ಕಟ್ಟಿದಂತೆಯೇ ಹಿಂದಕ್ಕೆ ಬಂದಿತು. ಇಬ್ಬರು ಗಂಡಸರ ಪ್ರಣಯಕ್ಕೆ ಮೂರನೆಯವಳೊಬ್ಬಳು ತೆತ್ತ ಬೆಲೆ ಆ ಚೀಟಿಯ ಮೇಲೆ ಬರೆದಿದೆ.

ಕೊನೆಯ ಭಾಗಕ್ಕೆ ಬಂದರೆ ಕಾಳಿದಾಸನು ಮತ್ತೆ ನೆನಪಾಗುವನು. ಎನ್ನಿಸನು ಕಳುಹಿಸಿದ ಕಾರ್ಡು, ವಿಳಾಸದಾರನು ಮೃತನೆಂಬ ಮುದ್ರೆಯೊಡನೆ ಹಿಂದಿರುಗುತ್ತದೆ. ಪುನರ್ಮಿಲನದ ಆಸೆಯಿರುವವರೆಗೆ ವಿಪ್ರಲಂಭ, ಅದು ಕಡಿದರೆ ಕರುಣ. ಆ ಗೆರೆಯನ್ನು ಇಲ್ಲಿ ಅಂಚೆಯ ಮುದ್ರೆ ಎಳೆಯುತ್ತದೆ. ಟೈರು ಸಿಡಿದು ಸತ್ತನೆಂದು ಲೂರೀನ್ ಹೇಳುವಳು. ಎನ್ನಿಸನಿಗೆ ಕಾಲುವೆಯ ಹೆಣ ಕಣ್ಣಮುಂದೆ ನಿಲ್ಲುವುದು. ಎರಡರಲ್ಲಿ ಯಾವುದು ನಿಜವೆಂದು ಕಥೆ ಖಚಿತವಾಗಿ ಹೇಳುವುದಿಲ್ಲ. ಜ್ಯಾಕನ ಹಳೆಯ ಕೋಣೆಯಲ್ಲಿ ಅವನಿಗೆ ದೊರೆಯುವುದು ಬೆಟ್ಟದ ಆ ಬೇಸಗೆಯ ಎರಡು ಅಂಗಿಗಳು, ಒಂದರೊಳಗೊಂದು: ಕಳೆದುಹೋಯಿತೆಂದುಕೊಂಡಿದ್ದ ಅವನದೇ ಅಂಗಿ ಒಳಗೆ, ಅದನ್ನಾವರಿಸಿ ಜ್ಯಾಕನದು. ಶಕುಂತಲೆಯ ಉಂಗುರದಂತೆ ಇದೂ ಅಭಿಜ್ಞಾನವೇ. ಉಂಗುರ ಕಂಡ ರಾಜನಿಗೆ ಹೋಗಿ ಕ್ಷಮೆ ಬೇಡಲು ಒಬ್ಬಳಿದ್ದಳು. ಎನ್ನಿಸನು ಬೆಟ್ಟದ ಚಿತ್ರವಿರುವ ಒಂದು ಕಾರ್ಡನ್ನು ಕೊಂಡು ತಂದು, ತನ್ನ ಟ್ರೇಲರು ಮನೆಯ ಗೋಡೆಗೆ ಚುಚ್ಚಿ, ಅದರ ಕೆಳಗೆ ಒಂದು ಮೊಳೆ ಹೊಡೆದು ಅಂಗಿಗಳನ್ನು ತೂಗುಹಾಕುತ್ತಾನೆ. ಅವುಗಳ ಮುಂದೆ ನಿಂತು, ಜ್ಯಾಕನು ಎಂದೂ ಕೇಳದಿದ್ದ ಒಂದು ಪ್ರಮಾಣವನ್ನು ಮಾಡತೊಡಗಿ, ಅದನ್ನೂ ಅರ್ಧಕ್ಕೆ ನಿಲ್ಲಿಸುತ್ತಾನೆ.