ಚಿಕ್ಕ ಕಾರಿನ ಚೆಲುವು, ಸ್ವೀಡನ್ನಿನ ಚಳಿ

ಸ್ವೀಡನ್ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ವಾಹನ ವೋಲ್ವೊ. ಹೊಸಕೋಟೆಯ ಕಾರ್ಖಾನೆಯಿಂದ ಹೊರಟು ಕೆಎಸ್‌ಆರ್‌ಟಿಸಿಯ ಐರಾವತವಾಗಿ ಊರೂರು ಸುತ್ತಿದ ಆ ಬಸ್ಸು ನಮ್ಮಲ್ಲಿ ಗಟ್ಟಿತನಕ್ಕೂ ಸುಖಪ್ರಯಾಣಕ್ಕೂ ಹೆಸರಾಯಿತು. ಅಂಥ ದೇಶಕ್ಕೆ ಕೆಲಸಕ್ಕೆಂದು ಹೋಗಿ ಸ್ಟಾಕ್‌ಹೋಮ್‌ನಲ್ಲೋ ಗೋಥೆನ್‌ಬರ್ಗ್‌ನಲ್ಲೋ ಮನೆ ಮಾಡಿದವರು ಮೊದಲ ಕಾರು ಹುಡುಕಲು ಹೊರಟಾಗ, ಉದ್ದನೆಯ ವೋಲ್ವೊಗಳ ಸಾಲಿನ ನಡುವೆ ಫಿಯೆಟ್ 500 ಎಂಬ ಪುಟ್ಟ ಇಟಾಲಿಯನ್ ಕಾರು ಕಣ್ಣು ಸೆಳೆಯುವುದು ಸಹಜ. ಹಳೆಯದಾದರೆ ಬೆಲೆ ಕೈಗೆಟುಕುತ್ತದೆ, ಸಿಕ್ಕಷ್ಟು ಜಾಗದಲ್ಲಿ ನಿಲ್ಲಿಸಬಹುದು, ನೋಡಲು ಚೆಂದ. ಕೊಳ್ಳಬೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ: ಚೆಲುವಿಗೆ ಮರುಳಾಗಬೇಡಿ ಎಂಬುದು ಒಂದು, ಮನಸ್ಸಿಗೆ ಹಿಡಿಸಿದರೆ ಕೊಂಡುಬಿಡಿ ಎಂಬುದು ಇನ್ನೊಂದು. ಎರಡೂ ಚೆಲುವನ್ನು ಉಪಯೋಗದಿಂದ ಬೇರ್ಪಡಿಸಿ ನೋಡುತ್ತವೆ. ಈ ಕಾರಿನ ಚೆಲುವು ಹುಟ್ಟಿದ್ದೇ ಮಿತಿಯಿಂದ ಎಂಬುದು ನನ್ನ ವಾದ. ಆ ಮಿತಿಯನ್ನು ಒಪ್ಪಿಕೊಂಡವರಿಗೆ ಇದು ಸ್ವೀಡನ್ನಿನಲ್ಲೂ ಒಳ್ಳೆಯ ಕಾರು. ಚೆಲುವನ್ನು ಮಾತ್ರ ಕಂಡು ಮಿತಿಯನ್ನು ಮರೆತವರಿಗೆ ಕೆಟ್ಟ ಕಾರು.

ಮೂಲ 500 ಬಂದದ್ದು 1957ರ ಜುಲೈ 4ರಂದು. ಅದನ್ನು ರೂಪಿಸಿದವರು ದಾಂತೆ ಜಿಯಾಕೋಸಾ. ನಮ್ಮ ಬೀದಿಗಳಲ್ಲಿ ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿಗೆ ಮೂಲವಾದ ಫಿಯೆಟ್ 1100 ಕೂಡ ಅವರದೇ ಕೈಕೆಲಸ. ಹಾಗಾಗಿ ಕನ್ನಡ ಓದುಗರಿಗೆ ಈ ಎಂಜಿನಿಯರ್ ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಇಟಲಿಯಲ್ಲಿ ಸ್ಕೂಟರಿನಲ್ಲಿ ಓಡಾಡುತ್ತಿದ್ದ ಸಂಸಾರಗಳಿಗೆ ನಾಲ್ಕು ಚಕ್ರ, ಒಂದು ಸೂರು ಕೊಡುವುದು ಅವರ ಮುಂದಿದ್ದ ಕೆಲಸ. ಉದ್ದ 3 ಮೀಟರಿಗೂ ಕಡಿಮೆ, ಹಿಂಭಾಗದಲ್ಲಿ ಗಾಳಿಯಿಂದಲೇ ತಣಿಯುವ 479 ಸಿಸಿಯ ಎರಡು ಸಿಲಿಂಡರ್ ಎಂಜಿನ್, ಮೊದಲ ಮಾದರಿಯಲ್ಲಿ 13 ಅಶ್ವಶಕ್ತಿ. ತೆಳುವಾದ ತಗಡು ಕಡಿಮೆ ಖರ್ಚಿನಲ್ಲಿ ಬಿಗಿಯಾಗಿ ನಿಲ್ಲಬೇಕಾದರೆ ಬಾಗಿರಬೇಕು. ಆ ಕಾರಿನ ಮೈಯೆಲ್ಲ ಗುಂಡಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಮಾಡಿನ ಬದಲು ಸುತ್ತಿಡಬಹುದಾದ ಬಟ್ಟೆ ಬಂದಿದ್ದರಿಂದ ಉಕ್ಕು ಉಳಿಯಿತು. 1959ರಲ್ಲಿ ಅದಕ್ಕೆ ಇಟಲಿಯ ವಿನ್ಯಾಸಲೋಕದ ದೊಡ್ಡ ಪ್ರಶಸ್ತಿ ಕೊಂಪಾಸ್ಸೊ ದೋರೊ ಸಂದಿತು, 1975ರ ತನಕ 38 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು, 2017ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಒಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಇಷ್ಟು ಗೌರವ ಸಿಕ್ಕಿದ್ದು ಅಲಂಕಾರಕ್ಕಲ್ಲ. ಬೇಡದ್ದನ್ನೆಲ್ಲ ತೆಗೆದ ಮೇಲೂ ಉಳಿದದ್ದು ಚೆಲುವಾಗಿತ್ತು ಎಂಬುದಕ್ಕೆ.

ಈಗ ಸ್ವೀಡನ್ನಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು 2007ರ ನಂತರದ 500. ಮೂಲ ಕಾರಿನ ಐವತ್ತನೇ ಹುಟ್ಟುಹಬ್ಬದ ದಿನವೇ ಟ್ಯೂರಿನ್‌ನಲ್ಲಿ ಬಿಡುಗಡೆಯಾಗಿ, ಪೋಲೆಂಡಿನ ತಿಖಿಯಲ್ಲಿ ತಯಾರಾಗಿ, 2008ರ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. ಇದರ ಎಂಜಿನ್ ಮುಂದಿದೆ, ಅಡಿಪಾಯ ಫಿಯೆಟ್ ಪಾಂಡಾದ್ದು, ಉದ್ದ ಸುಮಾರು 3.55 ಮೀಟರ್. ಅಂದರೆ ರೂಪ ಮಾತ್ರ ಹಳೆಯದು, ಆ ರೂಪ ಹುಟ್ಟಲು ಕಾರಣವಾದ ಇಕ್ಕಟ್ಟುಗಳು ಈಗಿಲ್ಲ. ಡ್ಯಾಷ್‌ಬೋರ್ಡನ್ನೇ ನೋಡಿ. ಮೂಲ ಕಾರಿನಲ್ಲಿ ಹೊರಮೈಯ ಬಣ್ಣ ಬಳಿದ ತಗಡೇ ಒಳಗೂ ಬರಿದಾಗಿ ಕಾಣುತ್ತಿತ್ತು, ಏಕೆಂದರೆ ಅದಕ್ಕೆ ಹೊದಿಸಲು ದುಡ್ಡು ಖರ್ಚು ಮಾಡುವಂತಿರಲಿಲ್ಲ. ಹೊಸ ಕಾರಿನಲ್ಲಿ ಅದೇ ನೋಟ ಬರಲೆಂದು ಪ್ಲಾಸ್ಟಿಕ್ ಹಲಗೆಗೆ ಮೈಬಣ್ಣ ಬಳಿದು ಕೂರಿಸಿದ್ದಾರೆ. ಮಿತವ್ಯಯ ಅಲಂಕಾರವಾಯಿತು ಎಂಬ ಟೀಕೆ ಇಲ್ಲಿ ನ್ಯಾಯವೇ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಾಕ್ಷ್ಯವಿದೆ. ಸ್ಟೀರಿಂಗ್ ಹಿಂದಿನ ಒಂದೇ ದುಂಡು ಮೀಟರಿನಲ್ಲಿ ಹೊರಸುತ್ತು ವೇಗ ತೋರಿಸುತ್ತದೆ, ಒಳಸುತ್ತು ಎಂಜಿನ್ನಿನ ತಿರುಗುವಿಕೆ ತೋರಿಸುತ್ತದೆ, ನಡುವಿನ ಪುಟ್ಟ ಪರದೆ ಉಳಿದದ್ದನ್ನು ಹೇಳುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುವ ಜಿಯಾಕೋಸಾ ಬುದ್ಧಿ ಇಲ್ಲಿ ಜೀವಂತವಾಗಿದೆ. ಈ ಕಾರನ್ನು ತೂಗುವವರು ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

ಇಟಲಿಯ ಚೆಲುವಾದ ಸಣ್ಣ ಕಾರನ್ನು ಸ್ವೀಡನ್ ಪರೀಕ್ಷಿಸಿದ್ದು ಇದೇ ಮೊದಲಲ್ಲ. ಜೋರ್ಜೆಟ್ಟೊ ಜುಜಾರೊ ರೂಪಿಸಿದ ಲಾಂಚಿಯಾ ಡೆಲ್ಟಾ 1980ರ ಯುರೋಪಿನ ವರ್ಷದ ಕಾರಾಗಿತ್ತು. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲಿ ಅದನ್ನೇ ಸಾಬ್-ಲಾಂಚಿಯಾ 600 ಎಂಬ ಹೆಸರಿನಲ್ಲಿ ಮಾರಿತು. ಹಳೆಯದಾದ ಸಾಬ್ 96ರ ತಯಾರಿಕೆ ನಿಂತಿತ್ತು, ಆ ಜಾಗಕ್ಕೆ ಸ್ವಂತದ ಸಣ್ಣ ಕಾರು ಇರಲಿಲ್ಲ. ಆದರೆ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿಗೆ ಆ ಕಾಲದ ಇಟಾಲಿಯನ್ ತಗಡು ತಡೆಯಲಿಲ್ಲ. ತುಕ್ಕಿನ ಅಪಖ್ಯಾತಿ ಅದಕ್ಕೂ ಅಂಟಿತು, ಇಂದು ಅದು ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ. ಮುಂದೆ ಫಿಯೆಟ್ ಬಳಗದೊಂದಿಗೆ ಅಡಿಪಾಯ ಹಂಚಿಕೊಂಡು 1984ರಲ್ಲಿ ಸಾಬ್ 9000 ತಂದಾಗ, ಕಂಪನಿ ಮುಂಭಾಗವನ್ನು ಗಟ್ಟಿಗೊಳಿಸಿತು, ಬಾಗಿಲುಗಳಿಗೂ ಪಕ್ಕದ ಹೊಡೆತ ತಾಳುವ ಬಲ ಕೊಟ್ಟಿತು. ಇಟಲಿಯ ರೂಪ ಸ್ವೀಡನ್ನಿಗೆ ಒಗ್ಗುವುದಿಲ್ಲ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ರೂಪವನ್ನು ಒಪ್ಪಿಕೊಂಡ ಮೇಲೆ ಕಣ್ಣಿಗೆ ಕಾಣದ ಜಾಗಗಳ ಮೇಲೆ ದುಡಿಯಬೇಕು ಎಂಬುದೇ ಆ ಪಾಠ. ಅಂದು ಕಂಪನಿ ಮಾಡಿದ ಆ ಕೆಲಸವನ್ನು ಇಂದು ಹಳೆಯ 500 ಕೊಳ್ಳುವವರು ತಮ್ಮ ಮಟ್ಟದಲ್ಲಿ ಮಾಡಬೇಕಾಗುತ್ತದೆ.

ಈ ಕಾರಿನ ವಿರುದ್ಧದ ಅತಿ ದೊಡ್ಡ ಆಕ್ಷೇಪ ಸುರಕ್ಷತೆಯದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೂರು ಬಿಂದುವಿನ ಸೀಟ್ ಬೆಲ್ಟನ್ನು 1959ರಲ್ಲಿ ಜಗತ್ತಿಗೆ ಕೊಟ್ಟ ದೇಶ ಸ್ವೀಡನ್. ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರೂ ಗಂಭೀರವಾಗಿ ಗಾಯಗೊಳ್ಳಬಾರದು ಎಂಬ ಗುರಿಯನ್ನು 1997ರಲ್ಲಿ ಅಲ್ಲಿನ ಸಂಸತ್ತೇ ಒಪ್ಪಿಕೊಂಡಿದೆ. ಅದೇ ವರ್ಷ ಸ್ವೀಡನ್ನಿನ ಕಾರು ಪತ್ರಿಕೆಯೊಂದು, ಎದುರಿಗೆ ಏಕಾಏಕಿ ಬರುವ ಮೂಸ್ ಪ್ರಾಣಿಯನ್ನು ತಪ್ಪಿಸುವ ರೀತಿಯ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಎ-ಕ್ಲಾಸನ್ನು ಮಗುಚಿಸಿ ಜಗತ್ತಿನ ಗಮನ ಸೆಳೆಯಿತು. ಅಂಥ ನಾಡಿನಲ್ಲಿ 500ರ ದಾಖಲೆ ಹೀಗಿದೆ: ಯುರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ 2007ರಲ್ಲಿ ಐದು ನಕ್ಷತ್ರ, 2017ರಲ್ಲಿ ಮೂರು. ಕಾರು ಕೆಟ್ಟದ್ದರಿಂದ ನಕ್ಷತ್ರ ಇಳಿದದ್ದಲ್ಲ, ಪರೀಕ್ಷೆಯೇ ಬಿಗಿಯಾದದ್ದು ಎಂದು ಸಮರ್ಥಿಸುವವರಿದ್ದಾರೆ. ಅದು ನಿಜವೇ, ಆದರೆ ಆ ಹತ್ತು ವರ್ಷಗಳಲ್ಲಿ ಬೇರೆ ಹಲವು ಕಾರುಗಳಿಗೆ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ಬಂತು, ಇದಕ್ಕೆ ಬರಲಿಲ್ಲ. ತೂಕದ ಲೆಕ್ಕವನ್ನೂ ಯಾವ ವಿನ್ಯಾಸವೂ ಮೀರಲಾರದು. ಸುಮಾರು 900 ಕಿಲೋ ತೂಗುವ ಕಾರಿಗೆ ಅದರ ಎರಡರಷ್ಟು ತೂಗುವ ಎಸ್‌ಯುವಿ ಎದುರಾದರೆ ಹೆಚ್ಚು ಪೆಟ್ಟು ತಿನ್ನುವುದು ಹಗುರವಾದದ್ದೇ. ಹಾಗಾಗಿ ಕಾಡಿನ ನಡುವಿನ ಹೆದ್ದಾರಿಯಲ್ಲಿ ದಿನವೂ ನೂರಾರು ಕಿಲೋಮೀಟರ್ ಓಡಾಡುವವರಿಗೆ ಈ ಕಾರು ತಕ್ಕದ್ದಲ್ಲ. ನಗರದೊಳಗಿನ ನಿಧಾನ ಸಂಚಾರದಲ್ಲಿ ಅಪಾಯದ ಪ್ರಮಾಣವೇ ಬೇರೆ. ಈ ಕಾರು ಹುಟ್ಟಿದ್ದೂ ಅಲ್ಲಿಗೇ.

ಎಳೆಯ ಮಕ್ಕಳಿರುವ ಮನೆಯವರು ಇನ್ನೂ ಎಚ್ಚರದಿಂದ ಯೋಚಿಸಬೇಕು. ಸ್ವೀಡನ್ನಿನಲ್ಲಿ ಮಕ್ಕಳನ್ನು ಕನಿಷ್ಠ ನಾಲ್ಕು ವರ್ಷದ ತನಕ ಹಿಂದಕ್ಕೆ ಮುಖ ಮಾಡಿ ಕೂರಿಸುವುದು ರೂಢಿ, ತಜ್ಞರ ಸಲಹೆಯೂ ಅದೇ. ಎದುರಿನಿಂದ ಹೊಡೆತ ಬಿದ್ದಾಗ ಮಗುವಿನ ಕತ್ತಿನ ಮೇಲೆ ಬೀಳುವ ಬಲ ಇದರಿಂದ ಬಹಳ ಕಡಿಮೆಯಾಗುತ್ತದೆ. ಇಂಥ ಆಸನಕ್ಕೆ ಉದ್ದುದ್ದ ಜಾಗ ಬೇಕು. 500ರದು ಎರಡೇ ಪಕ್ಕದ ಬಾಗಿಲು. ಮುಂದಿನ ಸೀಟನ್ನು ಮಡಿಚಿ, ಬೆನ್ನು ಬಗ್ಗಿಸಿ, ಆಸನವನ್ನೂ ಮಗುವನ್ನೂ ಒಳಗೆ ತೂರಿಸಬೇಕು. ಆಮೇಲೆ ಮುಂದಿನ ಸೀಟನ್ನು ಎಳೆದು ಮುಂದಕ್ಕೆ ತಂದರೆ ಅಲ್ಲಿ ದೊಡ್ಡವರು ಮೊಣಕಾಲು ಚಾಚುವಂತಿಲ್ಲ. ಮಗುವನ್ನು ಮುಂದೆಯೇ ಕೂರಿಸುವುದಾದರೆ ಆ ಬದಿಯ ಏರ್‌ಬ್ಯಾಗ್ ಆಫ್ ಮಾಡಲೇಬೇಕು. ಡಿಕ್ಕಿಯ ಜಾಗ 185 ಲೀಟರ್. ಮಡಚಿದ ತಳ್ಳುಗಾಡಿ ಇಟ್ಟರೆ ವಾರದ ದಿನಸಿಗೆ ಹೆಚ್ಚು ಜಾಗ ಉಳಿಯದು. ಊರಿನಿಂದ ಅಪ್ಪ ಅಮ್ಮ ಬೇಸಿಗೆಗೆ ಬಂದಾಗ ಎಲ್ಲರೂ ಒಟ್ಟಿಗೆ ಹೊರಡಲು ನಾಲ್ಕೇ ಸೀಟು. ಎಳೆಯ ಮಗುವಿರುವ ಕುಟುಂಬಕ್ಕೆ ಮನೆಯ ಒಂದೇ ಕಾರಾಗಿ 500 ಬೇಡ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಇದು ಕಾರಿನ ತಪ್ಪಲ್ಲ. ಮಿತಿಯೇ ಗುಣವಾದ ವಸ್ತುವಿಗೆ ಮಿತಿಯಿಲ್ಲದ ಕೆಲಸ ಹಚ್ಚಿದ ನಮ್ಮದು.

ಇಬ್ಬರಿರುವ ಮನೆಗೆ, ಒಬ್ಬರೇ ಕೆಲಸಕ್ಕೆ ಓಡಾಡಲು, ಅಥವಾ ಮನೆಯ ಎರಡನೇ ಕಾರಾಗಿ ಕೊಳ್ಳುವುದಾದರೆ ಚೆಲುವು ನಿಜಕ್ಕೂ ಲಾಭಕ್ಕೆ ಬರುತ್ತದೆ; ಆದರೆ ಅದು ದುಡ್ಡಿನ ಜೊತೆ ಗಮನವನ್ನೂ ಕೇಳುತ್ತದೆ. ಅಲ್ಲಿನ ಜಾಹೀರಾತುಗಳಲ್ಲಿ ಓಡಿದ ದೂರವನ್ನು ಮೀಲ್ ಲೆಕ್ಕದಲ್ಲಿ ಬರೆಯುತ್ತಾರೆ, ಒಂದು ಮೀಲ್ ಅಂದರೆ 10 ಕಿಲೋಮೀಟರ್. 9,000 ಅಂತ ಕಂಡರೆ ಕಾರು 90,000 ಕಿಲೋಮೀಟರ್ ಓಡಿದೆ ಎಂದರ್ಥ. ತಗಡಿಗೆ ಸತುವಿನ ಲೇಪ ಬಂದ ಮೇಲೆ ಹಳೆಯ ಭಯ ಅಷ್ಟಿಲ್ಲವಾದರೂ, ಉಪ್ಪು ಕಾರಿನ ಹೊಟ್ಟೆಯ ಕೆಳಗೆ ತನ್ನ ಕೆಲಸ ನಿಲ್ಲಿಸಿಲ್ಲ. ಹಿಂದಿನ ಆಕ್ಸಲ್, ಸ್ಪ್ರಿಂಗುಗಳು, ಬ್ರೇಕ್ ಪೈಪುಗಳನ್ನು ಕಾರು ಎತ್ತಿಸಿ ನೋಡದೆ ಕೊಳ್ಳಬಾರದು. 1.2 ಲೀಟರ್ ಪೆಟ್ರೋಲ್ ಎಂಜಿನ್ ಸರಳವಾದದ್ದು, ಆದರೆ ಅದರ ಟೈಮಿಂಗ್ ಬೆಲ್ಟನ್ನು ಓಡಿದ ದೂರದ ಜೊತೆಗೆ ವರ್ಷದ ಲೆಕ್ಕದಲ್ಲೂ ಬದಲಿಸಬೇಕು. ಟ್ವಿನ್‌ಏರ್ ಎರಡು ಸಿಲಿಂಡರ್ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವುಗಳು ಆಯಿಲ್ ಒತ್ತಡದಿಂದ ಕೆಲಸ ಮಾಡುವುದರಿಂದ, ಆಯಿಲ್ ಬದಲಿಸಿದ ದಾಖಲೆ ಇಲ್ಲದ ಕಾರು ಬೇಡ. ಗೇರ್‌ಬಾಕ್ಸಿನ ಆಯ್ಕೆ ಲೈಸೆನ್ಸಿನ ಮೇಲೂ ನಿಂತಿದೆ: ಸ್ವೀಡನ್ನಿನಲ್ಲಿ ನೆಲೆಸಿದ ಒಂದು ವರ್ಷದ ಮೇಲೆ ಭಾರತದ ಲೈಸೆನ್ಸ್ ನಡೆಯದು, ಹೊಸದಾಗಿ ಪರೀಕ್ಷೆ ಕೊಡಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದವರು ಕ್ಲಚ್ ಪೆಡಲ್ ಇರುವ ಕಾರು ಓಡಿಸುವಂತಿಲ್ಲ. ಅವರಿಗೆ ಪೆಟ್ರೋಲ್ 500ರಲ್ಲಿ ಉಳಿಯುವ ಆಯ್ಕೆ ಡ್ಯುಯಲಾಜಿಕ್ ಗೇರ್‌ಬಾಕ್ಸ್. ಅದು ಮ್ಯಾನ್ಯುಯಲ್ ಪೆಟ್ಟಿಗೆಗೆ ಯಂತ್ರದ ಕೈ ಜೋಡಿಸಿದ ವ್ಯವಸ್ಥೆ, ಅದನ್ನು ಬಲ್ಲ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬಾರದು. ಚಳಿಗಾಲದ ಟೈರು ಡಿಸೆಂಬರ್ 1ರಿಂದ ಮಾರ್ಚ್ 31ರ ತನಕ ಹಿಮ, ಮಂಜುಗಡ್ಡೆ ಇದ್ದಾಗಲೆಲ್ಲ ಕಡ್ಡಾಯ; ಇಲ್ಲಿ ಮಾತ್ರ ಚಿಕ್ಕದಾಗಿರುವುದು ನೇರವಾಗಿ ದುಡ್ಡು ಉಳಿಸುತ್ತದೆ, 14 ಅಥವಾ 15 ಇಂಚಿನ ಟೈರುಗಳು ಎಸ್‌ಯುವಿ ಟೈರುಗಳಿಗಿಂತ ಎಷ್ಟೋ ಅಗ್ಗ. ಡೀಲರ್ ಬಳಿ ಬೆಲೆ ಜಾಸ್ತಿ ಎನಿಸಿದರೂ 2022ರ ಗ್ರಾಹಕ ಖರೀದಿ ಕಾಯ್ದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಎರಡು ವರ್ಷದೊಳಗೆ ದೋಷ ಕಂಡರೆ ಅದು ಮಾರುವಾಗ ಇರಲಿಲ್ಲವೆಂದು ತೋರಿಸುವ ಹೊಣೆ ಡೀಲರ್‌ನದು. ಖಾಸಗಿಯವರಿಂದ ಕೊಂಡರೆ ನೋಡಿ ಪರೀಕ್ಷಿಸಬೇಕಾದ ಹೊಣೆ ಕೊಂಡವರದೇ.

ಇಷ್ಟೆಲ್ಲ ತೊಂದರೆ ಯಾಕೆ, ವಿದ್ಯುತ್ 500 ಕೊಂಡರಾಯಿತಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. 2020ರಲ್ಲಿ ಬಂದ ಆ ಕಾರು ಟ್ಯೂರಿನ್‌ನ ಮಿರಾಫಿಯೊರಿಯಲ್ಲಿ ತಯಾರಾಗುತ್ತದೆ, 2021ರ ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದಿದೆ, ಓಡಿಸಲು ಕ್ಲಚ್ಚಿನ ಗೊಡವೆಯಿಲ್ಲ. 42 ಕಿಲೋವ್ಯಾಟ್ ಗಂಟೆಯ ಬ್ಯಾಟರಿಗೆ ಕಂಪನಿ ಹೇಳುವ ದೂರ ಸುಮಾರು 320 ಕಿಲೋಮೀಟರ್, 24ರದಕ್ಕೆ 190. ಕಡುಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಕಾರಿನೊಳಗೆ ಬೆಚ್ಚಗಿಡಲೂ ಅದೇ ಬ್ಯಾಟರಿ ಬೇಕು. ಹಾಗಾಗಿ ಚಿಕ್ಕ ಬ್ಯಾಟರಿಯದು ಜನವರಿಯಲ್ಲಿ ಊರೊಳಗಿನ ಕಾರು ಮಾತ್ರ. ದೊಡ್ಡ ಬ್ಯಾಟರಿಯ ಕಾರು, ಮನೆಯ ಬಳಿ ಚಾರ್ಜ್ ಮಾಡುವ ಅನುಕೂಲ ಇದ್ದವರಿಗೆ, ನನ್ನ ದೃಷ್ಟಿಯಲ್ಲಿ ಎಲ್ಲ 500ಗಳಲ್ಲಿ ಸ್ವೀಡನ್ನಿಗೆ ಅತಿ ಹೊಂದುವಂಥದ್ದು. ಇಷ್ಟಾದರೂ ಸರ್ಕಾರದ ತೆರಿಗೆ ಈ ಕಾರಿನ ಮುಖ್ಯ ಗುಣವನ್ನು ಗುರುತಿಸುವುದೇ ಇಲ್ಲ. 2018ರಲ್ಲಿ ಬಂದ, ಕಡಿಮೆ ಹೊಗೆಯ ಹೊಸ ಕಾರು ಕೊಂಡವರಿಗೆ ದುಡ್ಡು ಕೊಡುವ ಬೋನಸ್ ವ್ಯವಸ್ಥೆ ಹೊಗೆಯನ್ನು ಅಳೆಯಿತು, ಗಾತ್ರವನ್ನಲ್ಲ. 2022ರ ನವೆಂಬರಿನಲ್ಲಿ ಆ ಬೋನಸ್ಸೂ ನಿಂತಿತು. ವಿದ್ಯುತ್ 500ಕ್ಕೂ ಎರಡು ಟನ್ನಿನ ವಿದ್ಯುತ್ ಎಸ್‌ಯುವಿಗೂ ವಾರ್ಷಿಕ ವಾಹನ ತೆರಿಗೆ ಒಂದೇ, 360 ಕ್ರೋನ. ಫ್ರಾನ್ಸ್ 2022ರಿಂದ ಭಾರದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ತೂಕದ ಮೇಲೆ ದಂಡ ಹಾಕುತ್ತಿದೆ, ಸ್ವೀಡನ್ ಆ ದಾರಿ ಹಿಡಿದಿಲ್ಲ. ರಸ್ತೆಯಲ್ಲಿ ಕಡಿಮೆ ಜಾಗ, ಕಡಿಮೆ ಉಕ್ಕು, ಕಡಿಮೆ ಬ್ಯಾಟರಿ ಬಳಸುವವರಿಗೂ ಎಲ್ಲವನ್ನೂ ಹೆಚ್ಚಾಗಿ ಬಳಸುವವರಿಗೂ ಒಂದೇ ತೆರಿಗೆ ಹಾಕುವುದು ನ್ಯಾಯವಲ್ಲ. ಎದುರಿನ ಕಾರುಗಳು ಭಾರವಾದಷ್ಟೂ ಹಗುರ ಕಾರು ಅಸುರಕ್ಷಿತವಾಗುತ್ತದೆ. ಅಂದರೆ 500ರ ಸುರಕ್ಷತೆಯ ಕೊರತೆಯಲ್ಲಿ ಒಂದು ಪಾಲು ಅದರ ಸುತ್ತಲಿನ ಕಾರುಗಳದು, ಅವುಗಳಿಗೆ ಬೆಲೆ ಕಟ್ಟದ ನೀತಿಯದು.

ಕಾಸಿಗೆ ಕಾಸು ಲೆಕ್ಕ ಹಾಕಿದರೆ ಟೊಯೊಟಾ ಯಾರಿಸ್‌ನಂಥ ಕಾರು ಹೆಚ್ಚು ಬುದ್ಧಿವಂತಿಕೆಯ ಆಯ್ಕೆ ಎಂಬ ಕೊನೆಯ ಆಕ್ಷೇಪವಿದೆ. ಐದು ಬಾಗಿಲು, ಹೆಚ್ಚು ಜಾಗ, ಕಡಿಮೆ ತಲೆನೋವು: ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ ತಮ್ಮ ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಎಷ್ಟು ಶ್ರದ್ಧೆಯಿಂದ ನೋಡಿಕೊಳ್ಳುತ್ತಾರೆ ಎಂಬುದೂ ಲೆಕ್ಕದ ಭಾಗವೇ. ಪ್ರೀತಿಯಿಂದ ಕೊಂಡ ಕಾರಿಗೆ ಸಮಯಕ್ಕೆ ಆಯಿಲ್ ಬೀಳುತ್ತದೆ, ಅದರ ಅಡಿಯ ಉಪ್ಪು ತೊಳೆಯಲ್ಪಡುತ್ತದೆ, ಅದು ಇನ್ನೊಂದು ಚಳಿಗಾಲ ಬಾಳುತ್ತದೆ. ಚೆಲುವು ಇಲ್ಲಿ ನಿರ್ವಹಣೆಯ ಪ್ರೇರಣೆಯಾಗಿ ಕೆಲಸ ಮಾಡುತ್ತದೆ, ಅದಕ್ಕೆ ಬೆಲೆ ಕೊಡುವುದು ದುಂದಲ್ಲ. ಯುರೋಪಿನಲ್ಲಿ ಹಳೆಯ ಪೆಟ್ರೋಲ್ 500ರ ಮಾರಾಟ 2024ರಲ್ಲಿ ಸೈಬರ್ ಸುರಕ್ಷತೆಯ ಹೊಸ ನಿಯಮಗಳಿಂದಾಗಿ ಕೊನೆಯಾದ್ದರಿಂದ, ಆ ಕಾರುಗಳ ಆಯಸ್ಸು ಈಗ ಪೂರ್ತಿಯಾಗಿ ಅವನ್ನು ಇಟ್ಟುಕೊಂಡವರ ಕೈಯಲ್ಲಿದೆ. ಸ್ವೀಡನ್ನಿನಲ್ಲಿ 500 ಕೊಳ್ಳಲು ಯೋಚಿಸುವವರು ಷೋರೂಮಿಗೆ ಹೋಗುವ ಮುಂಚೆ ಮುಂದಿನ ಐದು ವರ್ಷಗಳಲ್ಲಿ ಆ ಕಾರಿನಲ್ಲಿ ಯಾರು ಯಾರು ಕೂರುತ್ತಾರೆ, ಎಲ್ಲಿಗೆ ಓಡಾಡುತ್ತಾರೆ ಎಂದು ಬರೆದು ನೋಡಲಿ. ಉತ್ತರ ಇಬ್ಬರು, ಊರೊಳಗೆ ಎಂದಾದರೆ ಅಂಜದೆ ಕೊಳ್ಳಬಹುದು. ಬೇರೆಯಾದರೆ, ಎಷ್ಟೇ ಚೆಂದ ಕಂಡರೂ ಬಿಡುವುದೇ ಸರಿ.