ಹಸಿವೆಂಬ ಪಿಣಿ: ಕುರಳಿನ ‘ಮರುಂದು’ ಅಧಿಕಾರವನ್ನು ಕುರಿತು

ತಿರುವಳ್ಳುವರರ ತಿರುಕ್ಕುರಳಿನಲ್ಲಿ 95ನೆಯ ಅಧಿಕಾರಕ್ಕೆ ‘ಮರುಂದು’ ಎಂದು ಹೆಸರು. ಹಳಗನ್ನಡದ ‘ಮರ್ದು’, ಇಂದಿನ ‘ಮದ್ದು’ ಅದರ ಒಡಹುಟ್ಟುಗಳು. ಆದರೆ ಇಲ್ಲಿಯ ಹತ್ತು ಕುರಳುಗಳಲ್ಲಿ ಒಂದು ಮೂಲಿಕೆಯ ಹೆಸರೂ ಇಲ್ಲ. ವಾತಾದಿ ಮೂರರ ಏರುಪೇರೇ ರೋಗವೆಂದು ಮೊದಲನೆಯದು ಹೇಳುತ್ತದೆ. ಮುಂದಿನ ಆರೂ ಊಟದ ವಿಷಯವಾಗಿವೆ. ಮೊದಲುಂಡದ್ದು ಅರಗಿತೆಂದು ತಿಳಿದು ಉಣ್ಣುವವನ ಮೈಗೆ ಮದ್ದೇ ಬೇಡ. ಹಸಿವರಿತು, ಒಗ್ಗುವುದನ್ನು ಮಿತವಾಗಿ ಉಂಡವನಿಗೆ ಬಾಧೆಯಿಲ್ಲವೆಂಬುದು ಅವುಗಳ ಸಾರ. ಅಧಿಕಾರವನ್ನಿರಿಸಿದ ಸ್ಥಾನವೂ ಗಮನಾರ್ಹವಾದುದು. 93ನೆಯದು ಕಳ್ಳಿನ ನಿಷೇಧ, 94ನೆಯದು ಜೂಜು, ಅದರ ಬೆನ್ನಿಗೇ ಮರುಂದು. ರೋಗವೂ ಬಹುಮಟ್ಟಿಗೆ ಮನುಷ್ಯನು ತಾನೇ ತಂದುಕೊಳ್ಳುವ ಕೇಡೆಂಬ ಎಣಿಕೆ ಈ ಜೋಡಣೆಯಲ್ಲಿ ತೋರುತ್ತದೆ.

ಇಷ್ಟನ್ನೇ ಹಿಡಿದು ವೈದ್ಯವೇ ವ್ಯರ್ಥವೆನ್ನುವವರು ಕಡೆಯ ಮೂರು ಕುರಳುಗಳನ್ನು ಓದಿದವರಲ್ಲ. ರೋಗವನ್ನೂ ಅದರ ಮೂಲವನ್ನೂ ಅರಿತು ಚಿಕಿತ್ಸೆ ಮಾಡಬೇಕೆಂದು ಅವು ಸ್ಪಷ್ಟವಾಗಿ ವಿಧಿಸುತ್ತವೆ. ರೋಗಿ, ವೈದ್ಯ, ಔಷಧ, ಪರಿಚಾರಕ ಎಂಬ ನಾಲ್ಕು ಅಂಗಗಳೂ ಅಲ್ಲಿವೆ.

ಇದಕ್ಕಿಂತ ಕಠಿನವಾದ ಪ್ರಶ್ನೆ ಬೇರೊಂದಿದೆ. ಮಿತಾಹಾರದ ಉಪದೇಶ ಯಾರಿಗೆ? ಉಣ್ಣಲು ಉಳ್ಳವರಿಗೆ ತಾನೆ! 1876-78ರ ಧಾತು-ಈಶ್ವರ ಬರವು ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತು. ರೂಪನಗುಡಿಯೂ ಈ ಸೀಮೆಯದೇ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯಕ್ಕೆ, ಎಂದರೆ ಸುಮಾರು 450 ಗ್ರಾಮಿಗೆ, ಜೊತೆಗೆ ಒಂದು ಆಣೆಗೆ ಇಳಿಸಿದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಪ್ರಾಂತದ ಸ್ಯಾನಿಟರಿ ಕಮಿಷನರನಾಗಿದ್ದ ವೈದ್ಯ ಕಾರ್ನಿಷನು ಪ್ರತಿಭಟಿಸಿದನು. ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಮಿತಿ ಅಲ್ಲಿಯೂ ಇತ್ತು. ಅದು ಉಣ್ಣುವವನ ಕೈಯಲ್ಲಿರಲಿಲ್ಲ.

ಈ ಆಕ್ಷೇಪವನ್ನು ವಳ್ಳುವರರ ಮೇಲೆ ಹೊರಿಸಿ ಸುಮ್ಮನಾಗುವುದು ಮಾತ್ರ ಅನ್ಯಾಯವಾದೀತು. ಇದಕ್ಕೆ ಉತ್ತರ ಬಹು ಹಿಂದೆ, ಕೊಡುಗೆಯನ್ನು ಕುರಿತ 23ನೆಯ ಅಧಿಕಾರದಲ್ಲಿದೆ. ಅಲ್ಲಿಯ 227ನೆಯ ಕುರಳು ಹಸಿವನ್ನೇ ‘ಪಿಣಿ’, ಎಂದರೆ ವ್ಯಾಧಿ ಎನ್ನುತ್ತದೆ. ಹಂಚಿ ಉಣ್ಣುವ ರೂಢಿಯುಳ್ಳವನನ್ನು ಅದು ಮುಟ್ಟುವುದು ಅರಿದೆನ್ನುತ್ತದೆ. ಹಸಿವು ವ್ಯಾಧಿಯಾದ ಬಳಿಕ ಹಂಚಿಕೆಯೂ ಮದ್ದಿಲ್ಲದ ರೋಗನಿವಾರಣೆಯೇ ಆಯಿತಲ್ಲವೆ? ಆದರೂ ಕುರಳಿನಲ್ಲಿ ಹಂಚಿಕೆ ಧರ್ಮಭಾಗಕ್ಕೆ ಸೇರಿದೆ, ಮಿತಿ ಅರ್ಥಭಾಗಕ್ಕೆ. ನಡುವೆ ಎಪ್ಪತ್ತಕ್ಕೂ ಹೆಚ್ಚು ಅಧಿಕಾರಗಳ ಅಂತರವಿದೆ. ಕನ್ನಡದ ಶರಣರ ದಾಸೋಹದಲ್ಲಿ ಈ ಅಂತರವಿಲ್ಲ. ಅಲ್ಲಿ ಜಂಗಮಕ್ಕೆ ನೀಡಿ ಮಿಕ್ಕದ್ದೇ ಪ್ರಸಾದ. ಉಣ್ಣುವವನ ಪಾಲನ್ನು ಗೊತ್ತುಮಾಡುವುದು ಆ ನೀಡಿಕೆಯೇ.