‘ಇದು ನಿಮ್ಮ ಟಿವಿ’ ಸರಿ, ‘ನಿಮ್ಮ’ ಅಂದ್ರೆ ಯಾರದು?

2012ರಲ್ಲಿ ಪಬ್ಲಿಕ್ ಟಿವಿ ಶುರುವಾಗಿ ಎರಡು ತಿಂಗಳಾಗಿತ್ತು. ಫೆಬ್ರವರಿ 12ರಿಂದ ಅಲ್ಲೀತನಕ ಹುಬ್ಬಳ್ಳಿಯಲ್ಲಿ ಅದರ ಬಗ್ಗೆ ಯಾರನ್ನ ಕೇಳಿದರೂ ಮೊದಲು ಬರ್ತಿದ್ದ ಮಾತು ಚಾನೆಲ್‌ದಲ್ಲ, ರಂಗನಾಥ್ ಅವರದು. “ಓದೂದಿಲ್ರಿ ಆ ಮನುಷ್ಯಾ, ಮಾತಾಡ್ತಾನ” ಅಂದರು ಇಂದಿರಾ ಗಾಜಿನಮನೆ ಎದುರಿನ ಚಹಾದಂಗಡಿಯವರು. ನನ್ನ ಪ್ರಕಾರ ಆಗಿನ ಈ ಹೊಸ ಚಾನೆಲ್ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಬೇರೆ ಯಾರೂ ಹೇಳಿಲ್ಲ.

ಯಾಕಂದ್ರೆ ಕನ್ನಡದ ಟಿವಿ ಸುದ್ದಿಗೆ ಅಲ್ಲೀತನಕ ಎರಡೇ ದನಿ ಇದ್ದವು. ಒಂದು ದೂರದರ್ಶನದ್ದು: ಇಸ್ತ್ರಿ ಮಾಡಿದ ಕನ್ನಡ, ಮುಖದಲ್ಲಿ ಒಂದು ಗೆರೆಯೂ ಅಲುಗಾಡಬಾರದು. ಇನ್ನೊಂದು 2006ರ ಡಿಸೆಂಬರ್‌ನಲ್ಲಿ ಟಿವಿ9 ತಂದದ್ದು: ಬಸ್ ಬಿಟ್ಟುಹೋಗ್ತದೇನೋ ಅನ್ನೋ ಅವಸರ, ಕೆಂಪು ಪಟ್ಟಿ, ಧಡ್ ಧಡ್ ಸಂಗೀತ. ಕನ್ನಡಪ್ರಭ, ಸುವರ್ಣ ನ್ಯೂಸ್‌ಗಳಲ್ಲಿ ಸಂಪಾದಕರಾಗಿದ್ದ ರಂಗನಾಥ್ ಮೂರನೇದೊಂದನ್ನ ಹಿಡಿದಿದ್ದಾರೆ. ಕಟ್ಟೆ ಮೇಲೆ ಕೂತ ಹಿರಿಯರೊಬ್ಬರು ಪೇಪರ್ ಮಡಚಿಟ್ಟು “ಇದರ ಅರ್ಥ ಏನು ಗೊತ್ತಾ?” ಅಂತ ಕೇಳೋ ದನಿ. ನಡುವೆ ಸಿಟ್ಟು ಬರ್ತದೆ, ನಗು ಬರ್ತದೆ. ಲೋಕಾಯುಕ್ತ, ಗಣಿ, ಡಿನೋಟಿಫಿಕೇಶನ್ ಅನ್ನೋ ಶಬ್ದಗಳೆಲ್ಲ ಆ ದನಿಯಲ್ಲಿ ಮನೆಮಂದಿಗೂ ತಿಳಿಯೋ ಹಂಗೆ ಬರ್ತವೆ. ಇದು ಸಣ್ಣ ಕೆಲಸ ಅಲ್ಲ. ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಮಾತಾಡದ ಹುಡುಗರೂ ಈಗ ರಾತ್ರಿ ಬುಲೆಟಿನ್‌ನಲ್ಲಿ ಏನಾಯ್ತು ಅಂತ ಕೇಳ್ತಾರೆ.

ಚಾನೆಲ್‌ನ ಘೋಷವಾಕ್ಯವೂ ಜನಕ್ಕೆ ಹಿಡಿಸಿದೆ: ಯಾರ ಆಸ್ತಿಯೂ ಅಲ್ಲ, ಇದು ನಿಮ್ಮ ಟಿವಿ. ಅದರ ಪೆಟ್ಟು ಎಲ್ಲಿ ಬೀಳ್ತದೆ ಅಂತ ನೋಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಕಸ್ತೂರಿ ಕುಮಾರಸ್ವಾಮಿಯವರ ಮನೆಯದಾಗಿತ್ತು, ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಅವರದು, ಉದಯ ಚೆನ್ನೈನ ಮಾರನ್ ಅವರದು. ಪತ್ರಕರ್ತನೊಬ್ಬ ಮುಂದೆ ನಿಂತು ಚಾನೆಲ್ ಕಟ್ಟಿದಾನೆ ಅನ್ನೋದೇ ಈ ಸಾಲಿನಲ್ಲಿ ಹೊಸ ಸುದ್ದಿಯಾಗಿತ್ತು.

ನನ್ನ ತಕರಾರು ಆ ಘೋಷವಾಕ್ಯದ ಎರಡನೇ ಅರ್ಧದ ಮೇಲೆ. ‘ನಿಮ್ಮ’ ಅಂದ್ರೆ ಯಾರದು?

ನಮ್ಮವ್ವ ನವಲಗುಂದ ತಾಲೂಕಿನ ಹಳ್ಳಿಯಲ್ಲಿರ್ತಾಳೆ. ಆ ವರ್ಷ ಊರಿಗೆ ಹೋದಾಗ ಕರೆಂಟ್ ಇದ್ದ ಒಂದೂವರೆ ತಾಸು ಕೂತು ಇಬ್ಬರೂ ಪಬ್ಲಿಕ್ ಟಿವಿ ನೋಡಿದ್ವಿ. ಯಡಿಯೂರಪ್ಪ–ಸದಾನಂದಗೌಡರ ಜಗಳ, ರೆಸಾರ್ಟ್, ಯಾರ ಕಡೆ ಎಷ್ಟು ಶಾಸಕರು. ಅವ್ವ ಗಮನ ಕೊಟ್ಟೇ ನೋಡಿದಳು. ಆಮೇಲೆ ಕೇಳಿದಳು, “ಚೊಲೊ ಹೇಳ್ತಾನವಾ. ಕಡ್ಲಿ ಪರಿಹಾರದ್ದು ಯಾವಾಗ ಹೇಳ್ತಾರ?” ಹಿಂಗಾರಿ ಕೈಕೊಟ್ಟು ಎರೆಹೊಲದಲ್ಲಿ ಕಡಲೆ ಗೇಣುದ್ದಕ್ಕೆ ಒಣಗಿ ನಿಂತಿತ್ತು. ಬರ ಅನ್ನೋದು ಆಗ ಉತ್ತರ ಕರ್ನಾಟಕದ ಅರ್ಧಕ್ಕರ್ಧ ಮನೆಗಳ ಮುಖ್ಯ ಸುದ್ದಿಯಾಗಿತ್ತು. ನಾವು ನೋಡಿದ ಒಂದೂವರೆ ತಾಸಿನಲ್ಲಿ ಅದು ಕೆಳಗಿನ ಪಟ್ಟಿಯಲ್ಲಿ ಹರಿದುಹೋಯ್ತು. ಅವ್ವನಿಗೆ ಆ ಪಟ್ಟಿ ಓದೋಕೆ ಬರೋದಿಲ್ಲ.

ಇದು ಪಬ್ಲಿಕ್ ಟಿವಿಯೊಂದರದೇ ದೋಷ ಅಂದರೆ ಅನ್ಯಾಯ ಆಗ್ತದೆ. ಇದರ ಬೇರು ಲೆಕ್ಕದಲ್ಲಿದೆ, ಲೆಕ್ಕ ಅಂದ್ರೆ ನನಗೆ ಸ್ವಲ್ಪ ಖುಷಿ. ಆಗ ಟಿ.ಆರ್.ಪಿ. ಅಳೀತಿದ್ದ ಟ್ಯಾಮ್ ಸಂಸ್ಥೆಯ ಮೀಟರ್‌ಗಳಿದ್ದದ್ದು ಇಡೀ ದೇಶದಲ್ಲಿ ಸುಮಾರು 8,000 ಮನೆಗಳಲ್ಲಿ, ಅವೂ ಪಟ್ಟಣದ ಮನೆಗಳು. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನರಲ್ಲಿ ಸುಮಾರು ಶೇ. 61 ಮಂದಿ ಹಳ್ಳಿಯವರು. ಅಂದ್ರೆ ಆಗ ಅವ್ವ ರಿಮೋಟ್ ಒತ್ತಿದರೂ ಒಂದೇ, ಒತ್ತದಿದ್ದರೂ ಒಂದೇ ಆಗಿತ್ತು. ನಾವು ಟೆಸ್ಟಿಂಗ್ ಮಾಡುವಾಗ ಅರ್ಧಕ್ಕಿಂತ ಹೆಚ್ಚು ಬಳಕೆದಾರರನ್ನ ಬಿಟ್ಟು “ಎಲ್ಲರಿಗೂ ಇಷ್ಟ ಆಗಿದೆ” ಅಂತ ರಿಪೋರ್ಟ್ ಕೊಟ್ಟರೆ ಮ್ಯಾನೇಜರ್ ಅದನ್ನ ಮುಖದ ಮೇಲೆ ಎಸೀತಾನೆ. ಟಿವಿಯಲ್ಲಿ ಅದೇ ರಿಪೋರ್ಟ್ ನೋಡಿ ಜಾಹೀರಾತಿನ ದುಡ್ಡು ಹಂಚಿಕೆ ಆಗ್ತಿತ್ತು. ಇದರ ಜೊತೆಗೆ ಕೇಬಲ್‌ನವರಿಗೆ ಕೊಡೋ ಕ್ಯಾರಿಯೇಜ್ ಫೀ ಬೇರೆ. ಆಗ ನಮ್ಮಲ್ಲಿ ಇನ್ನೂ ಅನಲಾಗ್ ಕೇಬಲ್ ಇತ್ತು, ಚಲೋ ಬ್ಯಾಂಡ್‌ನಲ್ಲಿ ಜಾಗ ಬೇಕಂದ್ರೆ ದುಡ್ಡು ಬಿಚ್ಚಬೇಕಿತ್ತು, ಇಲ್ಲಾಂದ್ರೆ ಮಳೆ ಮಳೆ ಚಿತ್ರ. ಟಿವಿಯಲ್ಲಾದರೂ ಮಳೆ ಬರ್ಲಿ ಅಂತ ನಮ್ಮ ಕಾಕಾ ನಗಾಡ್ತಿದ್ದರು.

ಹಂಗಂತ ಕ್ಯಾಮೆರಾ ನಮ್ಮ ಕಡೆ ಬರೋದೇ ಇಲ್ಲ ಅಂತಲ್ಲ. 2009ರ ನೆರೆಗೆ ಬಂದಿತ್ತು. ಅವಾಗ ನಮ್ಮ ಭಾಷೆಯೂ ಟಿವಿಯೊಳಗೆ ಬಂತು, “ಎಲ್ಲಾ ಹೋತ್ರಿ ಯಪ್ಪಾ” ಅಂತ ಹಣೆ ಹಣೆ ಬಡಕೊಳ್ಳೋ ಹೆಂಗಸರ ಬಾಯಲ್ಲಿ. ಸಿನಿಮಾದಲ್ಲಿ ಧಾರವಾಡ ಕನ್ನಡ ಅಂದ್ರೆ ಹಾಸ್ಯದವನು, ನ್ಯೂಸ್‌ನಲ್ಲಿ ಅಂದ್ರೆ ಅಳೋರು. ಅಳೋದಕ್ಕೆ ನಮ್ಮ ಕನ್ನಡ ನಡೀತದೆ, ವಿಶ್ಲೇಷಣೆಗೆ ನಡೆಯೋದಿಲ್ಲ. ರಂಗನಾಥ್ ಅವರು ಆಡುಮಾತಿಗೆ ಸ್ಟುಡಿಯೋದಲ್ಲಿ ಕುರ್ಚಿ ಹಾಕಿಕೊಟ್ಟರು, ನಿಜ. ಆದ್ರೆ ಆ ಆಡುಮಾತು ತುಂಗಭದ್ರೆಯ ಆಚೆ ಕಡೆಯದು. “ಬಜೆಟ್‌ನಾಗ ಏನೈತಿ ನೋಡೂಣ ಬರ್ರಿ” ಅಂತ ಒಬ್ಬ ಆಂಕರ್ ನಗಿಸೋ ಉದ್ದೇಶ ಇಲ್ಲದೇ ಹೇಳೋದನ್ನ ನಾನು ಯಾವ ಚಾನೆಲ್‌ನಲ್ಲೂ ಕಂಡಿಲ್ಲ.

ಪಬ್ಲಿಕ್ ಟಿವಿ ಹುಟ್ಟೋ ಐದು ದಿನ ಮೊದಲು, ಫೆಬ್ರವರಿ 7ಕ್ಕೆ, ಸದನದಲ್ಲಿ ಮೊಬೈಲ್ ಹಗರಣ ಆಯ್ತಲ್ಲ. ಟಿವಿ ಕ್ಯಾಮೆರಾ ಹಿಡಿದ ಆ ದೃಶ್ಯದಿಂದ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ನರಗುಂದದ ಶಾಸಕರು. ಆ ವಾರ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನರಗುಂದ, ನರಗುಂದ ಅಂತ ಕೇಳಿ ಕೇಳಿ ನನಗೆ ಹೊಟ್ಟೆಯೊಳಗೆ ಏನೋ ಆಯ್ತು. 1980ರ ಜುಲೈ 21ಕ್ಕೆ ನೀರಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದಿದ್ದರು. ಗೋಲಿಬಾರ್ ಆಯ್ತು, ಹೆಣ ಬಿದ್ದವು, ಗುಂಡೂರಾವ್ ಸರ್ಕಾರ ನಡುಗಿತು. ಮಹಾದಾಯಿ ನ್ಯಾಯಮಂಡಳಿ ರಚನೆಯಾಗಿದ್ದು 2010ರಲ್ಲಿ. ಕಳಸಾ–ಬಂಡೂರಿ ನೀರಿಗಾಗಿ ಅದೇ ಊರುಗಳು ಇನ್ನೂ ಕಾಯ್ತಾ ಕೂತಿವೆ. ಸ್ಟುಡಿಯೋದಲ್ಲಿ ಆ ಹೆಸರು ಹೇಳೋ ಹುಡುಗ ಹುಡುಗಿಯರಿಗೆ ಇದೆಲ್ಲ ನೆನಪಿಲ್ಲ. ಬೆಂಗಳೂರಿಂದ ನೋಡಿದಾಗ ನರಗುಂದ ಅಂದ್ರೆ ಒಂದು ಮೊಬೈಲ್ ಸ್ಕ್ರೀನು.

ಫ್ರಾನ್ಸ್ ದೇಶಕ್ಕೂ ಇಂಥದೇ ಹೊಟ್ಟೆಕಿಚ್ಚು ಇತ್ತು ಅಂದ್ರೆ ನಗಬೇಡಿ. ಇರಾಕ್ ಯುದ್ಧದ ಹೊತ್ತಿಗೆ ಜಗತ್ತೆಲ್ಲ ಸಿ.ಎನ್.ಎನ್., ಬಿ.ಬಿ.ಸಿ. ಕಣ್ಣಿಂದಲೇ ನೋಡ್ತಿದೆ, ನಮ್ಮ ಮಾತು ಯಾರಿಗೂ ಕೇಳಿಸ್ತಿಲ್ಲ ಅಂತ ಅಧ್ಯಕ್ಷ ಶಿರಾಕ್ ತಲೆ ಕೆಡಿಸಿಕೊಂಡರು. ಸರ್ಕಾರದ ದುಡ್ಡಲ್ಲಿ ಫ್ರಾನ್ಸ್ 24 ಶುರುವಾಗಿದ್ದು 2006ರ ಡಿಸೆಂಬರ್‌ನಲ್ಲಿ, ನಮ್ಮ ಟಿವಿ9 ಬಂದ ತಿಂಗಳೇ. ಫ್ರೆಂಚ್‌ನಲ್ಲೊಂದು, ಇಂಗ್ಲಿಷ್‌ನಲ್ಲೊಂದು, ಮರುವರ್ಷ ಅರೇಬಿಕ್. ಆನ್‌ಸೈಟ್ ಕೆಲಸದ ಮೇಲೆ ಹೊರಗಿದ್ದಾಗ ರೂಮಿನ ಟಿವಿಯಲ್ಲಿ ಅದರ ಇಂಗ್ಲಿಷ್ ಚಾನೆಲ್ ಬರ್ತಿತ್ತು. ಮೊದಲ ದಿನ ‘ಇದೂ ಸಿ.ಎನ್.ಎನ್.ನೇ, ಉಚ್ಚಾರ ಬೇರೆ’ ಅನ್ನಿಸ್ತು. ವಾರ ಕಳೆದ ಮೇಲೆ ವ್ಯತ್ಯಾಸ ಕಾಣಿಸ್ತು. ಸೆನೆಗಲ್, ಐವರಿ ಕೋಸ್ಟ್ ಅಂತ ಆಫ್ರಿಕಾದ ಸುದ್ದಿ ಅದರಲ್ಲಿ ಧಾರಾಳ. ಇನ್ನೂ ಸ್ವಲ್ಪ ದಿನ ನೋಡಿದಾಗ ಮತ್ತೊಂದು ಕಾಣಿಸ್ತು. ಆ ಆಫ್ರಿಕಾ ಕೂಡ ಪ್ಯಾರಿಸ್‌ನ ಸ್ಟುಡಿಯೋದಲ್ಲಿ ಕೂತವರು ವಿವರಿಸೋ ಆಫ್ರಿಕಾ. ಅಮೆರಿಕದ ಕಣ್ಣು ಬೇಡ ಅಂದ ಪ್ಯಾರಿಸ್, ಡಕಾರ್‌ಗೆ ತಾನೇ ಕಣ್ಣಾಗಿ ಕೂತಿತ್ತು.

ಅದಕ್ಕೇ ‘ಹುಬ್ಬಳ್ಳಿಗೊಂದು ಸ್ವಂತ ಚಾನೆಲ್ ಬೇಕು’ ಅನ್ನೋ ಗೆಳೆಯರ ಮಾತಿಗೆ ನಾನು ತಟ್ಟನೆ ಹೂಂ ಅನ್ನೋದಿಲ್ಲ. ಒಂಬತ್ತು ಲಕ್ಷ ದಾಟಿದ ಅವಳಿ ನಗರ ಇದು, ಚೆನ್ನಮ್ಮ ಸರ್ಕಲ್‌ನ ಟ್ರಾಫಿಕ್ಕೇ ಇಡೀ ದಿನದ ಸುದ್ದಿ ಆಗಬಲ್ಲದು. ನವಲಗುಂದದ ಕಡಲೆ ಅಲ್ಲೂ ಪಟ್ಟಿಯಲ್ಲೇ ಹರೀಬಹುದು. ನನಗೆ ಬೇಕಿರೋದು ಅದಕ್ಕಿಂತ ಸಣ್ಣದು, ಮತ್ತು ಬಹುಶಃ ಅದಕ್ಕಿಂತ ತುಟ್ಟಿ: ನಮ್ಮ ಕಡೆ ವರದಿಗಾರನಿಗೆ ಘಟನೆ ಆದಾಗ ಎರಡು ನಿಮಿಷ ಫೋನಿನಲ್ಲಿ ಕೂಗೋ ಕೆಲಸ ಮಾತ್ರ ಅಲ್ಲ, ಏನೂ ಆಗದ ದಿನವೂ ಅರ್ಧ ತಾಸು ಕೊಡಬೇಕು. ಎ.ಪಿ.ಎಂ.ಸಿ. ದರ ಯಾಕೆ ಬಿತ್ತು, ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರಿಲ್ಲ, ಟ್ರಿಬ್ಯುನಲ್‌ನಲ್ಲಿ ವಾದ ಎಲ್ಲಿಗೆ ಬಂತು. ಇದನ್ನೆಲ್ಲ ರಂಗನಾಥ್ ಅವರು ರೆಸಾರ್ಟ್ ರಾಜಕೀಯ ಬಿಡಿಸಿ ಹೇಳಿದಷ್ಟೇ ಸೊಗಸಾಗಿ ಹೇಳಬಲ್ಲರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ಬೇಸರ ಇರೋದೂ ಅದಕ್ಕೇ. ಬಾರದವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ಸದ್ಯಕ್ಕೆ ಅವ್ವನ ಸುದ್ದಿಮೂಲ ಹಳೇದೇ. 1950ರಿಂದ ಇರೋ ಧಾರವಾಡ ಆಕಾಶವಾಣಿ, ಮಾಡದಲ್ಲಿ ಇಟ್ಟ ರೇಡಿಯೋ. ಅದರಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬಂದು ಬೀಜೋಪಚಾರ ಹೇಳ್ತಾರೆ, ಹವಾಮಾನ ಹೇಳ್ತಾರೆ. ಅದಕ್ಕೆ ಕರೆಂಟೂ ಬೇಡ, ಎರಡು ಸೆಲ್ ಸಾಕು. ಮುಂದಿನ ವಾರ ಹೋಗುವಾಗ ತಗೊಂಡು ಬಾ ಅಂತ ನಿನ್ನೆ ಫೋನಿನಲ್ಲಿ ಹೇಳಿದ್ದಾಳೆ.